ಕುಂಕುಮ ಹಚ್ಚಿದ ಕಂಪ್ಯೂಟರು

ನನ್ನ ಗಂಡನನ್ನು ನಮ್ಮ ಬೀದಿಯವರೆಲ್ಲ ಕಿಟ್ಟಿ ಸಾರ್ ಎನ್ನುತ್ತಾರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದು, ಹನ್ನೆರಡು ವರ್ಷದ ಹಿಂದೆ ನಿವೃತ್ತರಾದರು. ಇಲಾಖೆ ಅವರನ್ನು ಬಿಟ್ಟಿತು, ಅವರು ಇಲಾಖೆಯನ್ನು ಬಿಡಲಿಲ್ಲ. ಇವತ್ತಿಗೂ ಜಯನಗರ ಒಂಬತ್ತನೇ ಬ್ಲಾಕಿನ ನಮ್ಮ ಮನೆ ಮುಂದೆ ತರಕಾರಿ ಗಾಡಿ ನಿಂತರೆ, ಮೊದಲು ಖಾಲಿ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡುತ್ತಾರೆ. ಆಮೇಲೆ ಜೇಬಿನಿಂದ ತಮ್ಮದೇ ನೂರು ಗ್ರಾಮಿನ ಹಿತ್ತಾಳೆ ಬಟ್ಟು ತೆಗೆದು ತಕ್ಕಡಿಯ ಮೇಲಿಡುತ್ತಾರೆ. ಅದಾದ ಮೇಲೆ ಬೀನ್ಸು. ಅಷ್ಟು ಹೊತ್ತು ಗಾಡಿಯವನ ಮುಖ ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತೇನೆ.

ನಾನೇನೂ ಕಡಿಮೆಯವಳಲ್ಲ. ಧೂಳು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಯಾರಾದರೂ ಎಡವಿದರೆ ಬಾಯಿ ಸುಮ್ಮನಿರುವುದಿಲ್ಲ. ಈಗ ಹೇಳಹೊರಟಿರುವ ವಿಷಯದಲ್ಲಿ ಎರಡೂ ಸೇರಿ ಕೆಲಸ ಮಾಡಿದವು. ಆದ್ದರಿಂದ ಹೇಳುತ್ತ ಹೇಳುತ್ತ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ಅರವತ್ತಾರು ವರ್ಷ ಕಾಪಾಡಿಕೊಂಡಿದ್ದು ಸಾಕು.

ನಮ್ಮ ತಾರಸಿಯ ಮೇಲಿನ ರೂಮಿನಲ್ಲಿ ಹನಮಂತ ಬಾಡಿಗೆಗಿದ್ದಾನೆ. ಹುನಗುಂದದ ಕಡೆಯವನು, ಇಪ್ಪತ್ತೆಂಟು ವರ್ಷ, ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಮದುವೆಯಾಗಿ ಒಂದು ವರ್ಷವಾಗಿದೆ. ಹೆಂಡತಿ ಭಾಗ್ಯಜ್ಯೋತಿ ಇನ್ನೂ ಊರಿನಲ್ಲೇ ಇದ್ದಾಳೆ, ಏಕೆಂದರೆ ನಮ್ಮ ಮೇಲಿನ ರೂಮಿನಲ್ಲಿ ಒಬ್ಬ ಮನುಷ್ಯ ಮತ್ತು ಅವನು ಬಿಚ್ಚಿಟ್ಟ ಹಳೆಯ ಸಿಪಿಯು ಡಬ್ಬಗಳು ಮಾತ್ರ ಹಿಡಿಸುತ್ತವೆ. ಕಂಪನಿಗಳು ಎಸೆಯುವ ಹಳೆಯ ಡೆಸ್ಕ್‌ಟಾಪ್ ತಂದು, ಒರೆಸಿ, ಒಳಗೆ ಆಟದ ಚಿತ್ರ ಓಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಆಟ ಆಡುವ ಹುಡುಗರಿಗೆ ಒಪ್ಪುವಂಥ ಯಂತ್ರ ಮಾಡುವುದು ಅವನ ಹುಚ್ಚು. ಬಿಟಿಎಂ ಎರಡನೇ ಸ್ಟೇಜಿನಲ್ಲಿ ಒಂದು ಸಣ್ಣ ಶಟರ್ ಖಾಲಿಯಿತ್ತು. ಅದನ್ನು ಹಿಡಿದು ಸ್ವಂತ ಅಂಗಡಿ ಹಾಕಬೇಕು, ಒಂದು ಮನೆ ಮಾಡಬೇಕು, ಭಾಗ್ಯಜ್ಯೋತಿಯನ್ನು ಕರೆತರಬೇಕು. ಕೈಯಲ್ಲಿ ಒಂದು ಗಟ್ಟಿ ಆರ್ಡರ್ ಇಲ್ಲದೆ ಶಟರ್ ಹಿಡಿಯಲು ಅವನಿಗೆ ಧೈರ್ಯವಿರಲಿಲ್ಲ.

ಆ ಆರ್ಡರ್ ನನ್ನ ಮಗಳ ಮಗಳು ಇಂಚರಳ ಕೈಯಲ್ಲಿತ್ತು. ಅರೆಕೆರೆಯಲ್ಲಿ ಅವರ ಮನೆ, ಇಂಜಿನಿಯರಿಂಗ್ ಮೂರನೇ ವರ್ಷ. ಅವರ ಕಾಲೇಜಿನಲ್ಲಿ ವಿಡಿಯೋ ಗೇಮ್ ಆಡುವವರ ಕ್ಲಬ್ ಒಂದಿದೆ, ಇವಳು ಅದರ ಸೆಕ್ರೆಟರಿ. ನಮ್ಮ ಕಾಲದಲ್ಲಿ ಆಟಕ್ಕೆ ಕ್ಲಬ್ ಎಂದರೆ ಮೈಯಲ್ಲಿ ಬೆವರಾದರೂ ಬರುತ್ತಿತ್ತು ಎಂದು ನಾನು ರೇಗಿಸಿದರೆ, ನಿಂಗೆ ಗೊತ್ತಾಗಲ್ಲ ಬಿಡು ಅಜ್ಜಿ ಎನ್ನುತ್ತಾಳೆ. ಕ್ಲಬ್ಬಿಗೆ ಕಾಲೇಜು ಒಂದು ರೂಮು ಕೊಟ್ಟಿತ್ತು. ಅದಕ್ಕೆ ಐದು ಕಂಪ್ಯೂಟರ್ ಕೊಳ್ಳಬೇಕು. ಅವಳ ಗೆಳೆಯ ವಸಿಷ್ಠ, ಜೆ.ಪಿ. ನಗರದವನು, ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು ಎಂದು ಹಟ ಹಿಡಿದಿದ್ದ. ಇಂಚರಾ ಹನಮಂತನ ಹೆಸರು ಹೇಳಿದ್ದಳು. ಅವನ ಡೆಸ್ಕ್‌ಟಾಪಿನ ಬೆಲೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ, ಓಟದಲ್ಲಿ ಲ್ಯಾಪ್‌ಟಾಪನ್ನು ಹಿಂದೆ ಹಾಕುತ್ತದೆ ಎಂದು ಅವನೇ ಹೇಳಿದ್ದ. ಹಳೇ ಡಬ್ಬಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂದು ವಸಿಷ್ಠನ ವಾದ. ಪರೀಕ್ಷೆ ಮಾಡಿಯೇ ಬಿಡೋಣ ಎಂದಾಯಿತು. ಆದರೆ ಯಾರ ಕಡೆಗೂ ವಾಲದೆ ತೀರ್ಪು ಹೇಳುವವರು ಬೇಕಲ್ಲ?

ಇಂಚರಾ ತಾತನ ಮುಖ ನೋಡಿದಳು. ತಾತನ ಮುಖದಲ್ಲಿ ಹನ್ನೆರಡು ವರ್ಷದಿಂದ ಕಾಣದ ಕಳೆ ಬಂತು.

ಅಯ್ಯೋ, ಆ ಒಂದು ವಾರ ಮನೆಯಲ್ಲಿ ನಡೆದ ಸಂಭ್ರಮ! ಆಟವೇ ಆಡದ ಮನುಷ್ಯ ಆಟದ ಅಳತೆ ಕಲಿತರು. ಪರದೆಯ ಮೇಲೆ ಕಾರು ಓಡುವುದು ಎಂದರೆ ಬಿಡಿ ಚಿತ್ರಗಳು ಒಂದರ ಹಿಂದೆ ಒಂದು ಬರುವುದು, ಒಂದು ಸೆಕೆಂಡಿಗೆ ಅರವತ್ತು ಚಿತ್ರ ಬಂದರೆ ನೀರಿನ ಹಾಗೆ ಓಡುತ್ತದೆ, ಇಪ್ಪತ್ತಕ್ಕೆ ಇಳಿದರೆ ಕುಂಟುತ್ತದೆ, ಆ ಲೆಕ್ಕ ಪರದೆಯ ಮೂಲೆಯಲ್ಲೇ ಕಾಣಿಸುತ್ತದೆ ಎಂದು ಇಂಚರಾ ಹೇಳಿಕೊಟ್ಟಳು. ಎಣಿಸಬಹುದಾದ ವಸ್ತು ಎಂದು ಗೊತ್ತಾದ ಮೇಲೆ ಇವರನ್ನು ಹಿಡಿಯುವವರು ಯಾರು? ಊಟದ ತಟ್ಟೆಯ ಮುಂದೆ ಕೂತೂ ನಿಯಮ ಬರೆದರು. ಎಲ್ಲ ಯಂತ್ರಕ್ಕೂ ಒಂದೇ ಆಟ, ಒಂದೇ ರಸ್ತೆ, ಒಂದೇ ಪರದೆ. ಪರದೆ ಎಂದರೆ ನಮ್ಮ ನಡುಮನೆಯ ಟಿವಿ. ಓಡಿಸುವವಳು ಇಂಚರಾ ಒಬ್ಬಳೇ. ಹತ್ತತ್ತು ನಿಮಿಷದ ಮೂರು ಓಟ, ನಡುವೆ ವಿಶ್ರಾಂತಿಯಿಲ್ಲ. ಮೂರರಲ್ಲಿ ಅತಿ ಕಡಿಮೆ ಬಂದ ಲೆಕ್ಕವೇ ಆ ಯಂತ್ರದ ಲೆಕ್ಕ, ಏಕೆಂದರೆ ಹುಮ್ಮಸ್ಸಿನಲ್ಲಿ ಎಲ್ಲವೂ ಓಡುತ್ತವೆ, ದಣಿದಾಗ ಏನು ಮಾಡುತ್ತದೆ ಎಂದು ನೋಡಬೇಕಂತೆ. ಕೊನೆಯ ನಿಯಮಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು: ಪರೀಕ್ಷೆಯ ಹೊತ್ತಿನಲ್ಲಿ ಯಂತ್ರದ ಮಾಲೀಕ ಯಂತ್ರವನ್ನು ಮುಟ್ಟಬಾರದು.

ಪರೀಕ್ಷೆ ಭಾನುವಾರಕ್ಕೆ ನಿಶ್ಚಯವಾಯಿತು. ಹನಮಂತ ದಸರೆಗೆ ಊರಿಗೆ ಹೊರಟಿದ್ದ, ಆದ್ದರಿಂದ ಮಂಗಳವಾರವೇ ಯಂತ್ರವನ್ನು ಕೆಳಗೆ ತಂದು, ಟಿವಿ ಸ್ಟ್ಯಾಂಡಿನ ಪಕ್ಕದಲ್ಲಿಟ್ಟು, ವೈರು ಸಿಕ್ಕಿಸಿ, ತನ್ನ ರೂಮಿಗೆ ಬೀಗ ಹಾಕಿಕೊಂಡು ಹೋದ. ನಮ್ಮವರು ತಕ್ಷಣ ಡಬ್ಬದ ಪಕ್ಕದ ಮುಚ್ಚಳಕ್ಕೆ ಕಾಗದದ ಪಟ್ಟಿ ಅಂಟಿಸಿ, ಮೇಲೆ ಸಹಿ ಹಾಕಿ ಸೀಲ್ ಮಾಡಿದರು. ಒಳಗೆ ಯಾರೂ ಕೈಯಾಡಿಸುವ ಹಾಗಿಲ್ಲ ಎಂದರು. ಹೊರಗಿನ ಮಾತು ಅವರು ಎತ್ತಲಿಲ್ಲ.

ಬುಧವಾರ ಆಯುಧಪೂಜೆ. ನಮ್ಮ ಮನೆಯಲ್ಲಿ ಆ ದಿನ ಸುತ್ತಿಗೆಯಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ಸ್ನಾನ, ಗಂಧ, ಕುಂಕುಮ, ಹೂವು. ಹೊಲಿಗೆ ಮಿಷನ್ನು, ಇವರ ಹಳೆಯ ಸ್ಕೂಟರು, ಹಿತ್ತಾಳೆ ಬಟ್ಟು, ಎಲ್ಲ ಆಯಿತು. ಹನಮಂತನ ಡಬ್ಬ ಮೂಲೆಯಲ್ಲಿ ಧೂಳು ಹೊತ್ತು ಕೂತಿತ್ತು. ಅವನ ಅನ್ನದ ಯಂತ್ರ, ಅವನು ಊರಿನಲ್ಲಿದ್ದಾನೆ, ಅದಕ್ಕೊಂದು ಕುಂಕುಮ ಬೇಡವೇ ಎಂದು ನನಗೆ ಕಳಕಳಿಯಾಯಿತು. ಸ್ಟ್ಯಾಂಡಿನ ಸಂದಿಯಿಂದ ಎಳೆದೆ. ವೈರುಗಳನ್ನು ಬಿಚ್ಚಿ, ಹಿಂದೆ ಮುಂದೆ ಒದ್ದೆ ಬಟ್ಟೆ ಹಿಂಡಿ ಒರೆಸಿದೆ. ಪ್ರತಿ ವೈರಿನ ತಲೆಗೂ ಬೆರಳಿನಲ್ಲಿ ಗಂಧ ಕುಂಕುಮ ಹಚ್ಚಿದೆ. ವಾಪಸ್ ಸಿಕ್ಕಿಸುವಾಗ ಟಿವಿಯ ವೈರಿಗೆ ಒಂದೇ ಥರದ ಎರಡು ಜಾಗ ಕಂಡವು, ಒಂದು ಮೇಲೆ, ಒಂದು ಕೆಳಗೆ. ಕೆಳಗಿನದಕ್ಕೆ ಬಗ್ಗಬೇಕು, ನನ್ನ ಸೊಂಟದ ವಿಷಯ ನಿಮಗೆ ಗೊತ್ತಿಲ್ಲ. ಮೇಲಿನದಕ್ಕೆ ಸಲೀಸಾಗಿ ಕೂತಿತು. ಸೇವಂತಿಗೆ ಹಾರ ಹಾಕಿ, ಮಂಗಳಾರತಿ ಮಾಡಿ, ಡಬ್ಬವನ್ನು ಸಂದಿಗೆ ತಳ್ಳಿದೆ. ಅವತ್ತು ಆಯುಧ ಮುಟ್ಟಿ ಕೆಲಸ ಮಾಡುವ ಹಾಗಿಲ್ಲ, ಮಾರನೆಯ ದಿನ ಯಾರಿಗೂ ನೆನಪಿಲ್ಲ. ಭಾನುವಾರದವರೆಗೆ ಅದನ್ನು ಯಾರೂ ಹಚ್ಚಿ ನೋಡಲಿಲ್ಲ.

ಭಾನುವಾರ ಹನ್ನೊಂದಕ್ಕೆ ಪರೀಕ್ಷೆ. ವಸಿಷ್ಠ ತನ್ನ ಕಪ್ಪು ಲ್ಯಾಪ್‌ಟಾಪ್ ಹಿಡಿದು ಬಂದ. ಕೀಲಿಗಳ ಕೆಳಗೆಲ್ಲ ಬಣ್ಣದ ದೀಪ, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿಗೆ ಸರಿಸಮ. ಇಂಚರಾ ತನ್ನ ಸಾದಾ ಲ್ಯಾಪ್‌ಟಾಪನ್ನೂ ಸಾಲಿಗೆ ಸೇರಿಸಿದಳು, ಹೋಲಿಕೆಗೆ ಇರಲಿ ಎಂದು. ಹನಮಂತನ ಬಸ್ಸು ತಡವಾಗಿ, ಹತ್ತು ಐವತ್ತಕ್ಕೆ ಮೆಜೆಸ್ಟಿಕ್‌ನಿಂದ ನೇರ ಬಂದ. ಹೆಗಲ ಮೇಲೆ ಬ್ಯಾಗು, ಕಣ್ಣಲ್ಲಿ ನಿದ್ದೆ. ಡಬ್ಬದ ಮೇಲಿನ ಹಾರ ನೋಡಿ ನನ್ನ ಕಡೆ ನಕ್ಕ. ಹಾರವನ್ನು ನಮ್ಮವರು ತೆಗೆಸಿದರು.

ಮೊದಲು ವಸಿಷ್ಠನದು. ಅರವತ್ತೆರಡು, ಐವತ್ತೆಂಟು, ಐವತ್ತೊಂದು. ಮೂರನೇ ಓಟಕ್ಕೆ ಅದರ ಫ್ಯಾನು ಕೂಗಿಕೊಂಡ ರಭಸಕ್ಕೆ ನಾನು ಅಡುಗೆಮನೆಗೆ ಹೋಗಿ ಕುಕ್ಕರ್ ನೋಡಿ ಬಂದೆ. ಇಂಚರಳದು ಇಪ್ಪತ್ತೆರಡರಿಂದ ಇಪ್ಪತ್ತಕ್ಕೆ ಇಳಿಯಿತು. ಕೊನೆಗೆ ಹನಮಂತನದು. ನಾವೆಲ್ಲ ಕುರ್ಚಿ ಮುಂದಕ್ಕೆಳೆದು ಕೂತೆವು.

ಹದಿನಾಲ್ಕು.

ಪರದೆಯ ಮೇಲಿನ ಕಾರು ಒಂದು ಹೆಜ್ಜೆ ಇಟ್ಟಿತು, ನಿಂತಿತು, ಯೋಚಿಸಿತು, ಇನ್ನೊಂದು ಹೆಜ್ಜೆ ಇಟ್ಟಿತು. ವಸಿಷ್ಠ ತುಟಿ ಕಚ್ಚಿ ನಗು ತಡೆದ. ಹನಮಂತನ ಮುಖದ ರಕ್ತವೇ ಇಳಿದುಹೋಯಿತು. ಅವನು ಎದ್ದು ನಿಂತ.

"ಸರ, ಒಂದ್ಸಲ ಹಿಂದ ನೋಡ್ತೀನ್ರಿ. ವೈರ್ ಏನರ ಆಗಿರಬೇಕು."

"ಕೂತ್ಕೋಪ್ಪ. ತೂಕ ನಡೆಯೋವಾಗ ಅಂಗಡಿಯವನು ತಕ್ಕಡಿ ಮುಟ್ಟೋ ಹಾಗಿಲ್ಲ."

ಅವನು ಕೂತ. ಎರಡನೇ ಓಟ ಹದಿನಾಲ್ಕು, ಮೂರನೆಯದು ಹದಿಮೂರು. ಆ ಅರ್ಧ ಗಂಟೆ ಆ ಕಾರು ತೆವಳುವುದನ್ನು ನೋಡುತ್ತ ನನ್ನ ಬಾಯಿ ಸುಮ್ಮನಿರಬೇಕಲ್ಲ? ನಿನ್ನ ಕಾರಿಗಿಂತ ನಮ್ಮ ಕಿಟ್ಟಿ ಸಾರ್ ಸ್ಕೂಟರೇ ವಾಸಿ ಎಂದೆ. ಡ್ರೈವರು ಇಳಿದು ತಳ್ಳುತ್ತಿದ್ದಾನೆಯೇ ನೋಡು ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಹನಮಂತನೂ ಸ್ವಲ್ಪ ನಕ್ಕ, ಆದರೆ ಕೈಯಲ್ಲಿದ್ದ ಬ್ಯಾಗಿನ ಪಟ್ಟಿಯನ್ನು ಸುತ್ತುತ್ತಲೇ ಇದ್ದ.

ನಮ್ಮವರು ಕಾಗದದ ಮೇಲೆ ಮೂರೂ ಲೆಕ್ಕ ಬರೆದು, ಕೆಳಗೆ ತೀರ್ಪು ಬರೆದು, ಓದಿದರು: ಡೆಸ್ಕ್‌ಟಾಪು ಹೇಳಿದ ಅಳತೆಗೆ ಬರಲಿಲ್ಲ, ಅನುತ್ತೀರ್ಣ. ವಸಿಷ್ಠ ಕೆಟ್ಟ ಹುಡುಗನಲ್ಲ, ಕುಣಿಯಲಿಲ್ಲ. ಎಪ್ಪತ್ತು ಬರುತ್ತೆ ಅಂದಿದ್ರಲ್ಲ ಗುರು ಎಂದಷ್ಟೇ ಕೇಳಿದ. ಅದೇ ಹೆಚ್ಚಾಯಿತು. ಇಂಚರಾ ಹನಮಂತನ ಕಡೆ ನೋಡದೆ ಫೋನಿನಲ್ಲಿ ಕ್ಲಬ್ಬಿನವರಿಗೆ ಲ್ಯಾಪ್‌ಟಾಪ್ ಎಂದು ಬರೆದು ಕಳಿಸಿದಳು. ಸೋಮವಾರ ಬೆಳಿಗ್ಗೆ ಕೊಳ್ಳಲು ಹೋಗುವುದೆಂದು ಅಲ್ಲಿ ತೀರ್ಮಾನವಾಯಿತು. ನಿಮ್ಮನ್ನ ನಂಬಿ ಎಲ್ಲರ ಹತ್ರ ಹೇಳಿಬಿಟ್ಟಿದ್ದೆ ಎಂದು ಹೊರಡುವಾಗ ಅವನಿಗೆ ಮೆಲ್ಲಗೆ ಹೇಳಿದಳು. ಅವನು ಡಬ್ಬವನ್ನು ಎತ್ತಿ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದ. ಊಟಕ್ಕೆ ಕರೆದರೂ ಇಳಿಯಲಿಲ್ಲ.

ನಾಲ್ಕು ಗಂಟೆಗೆ ಕೆಳಗೆ ಬಂದ. ಸ್ನಾನ ಮಾಡಿ ಬೇರೆ ಅಂಗಿ ಹಾಕಿದ್ದ. ಕೈಯಲ್ಲಿ ಒಂದು ಹಿಡಿ ಬನ್ನಿ ಎಲೆ, ಊರಿನಿಂದ ತಂದದ್ದು. ನಮ್ಮಲ್ಲೂ ಬನ್ನಿಗೆ ಪೂಜೆಯಿದೆ, ಆದರೆ ಅವರ ಕಡೆ ದಸರೆಗೆ ಅದನ್ನು ಬಂಗಾರವೆಂದೇ ಕರೆದು ಮನೆಮನೆಗೆ ಹೋಗಿ ಕೊಡುತ್ತಾರಂತೆ. ಕಿರಿಯರು ಹಿರಿಯರ ಕೈಗಿಟ್ಟು ಕಾಲು ಮುಟ್ಟುತ್ತಾರೆ, ಆ ವರ್ಷ ಆಡಿದ ಜಗಳ, ಮುನಿಸು ಎಲ್ಲ ಅಲ್ಲಿಗೆ ಮುಗಿಯುತ್ತದೆ. ನಮ್ಮಿಬ್ಬರ ಕೈಗೂ ಎಲೆಯಿಟ್ಟು ನಮಸ್ಕಾರ ಮಾಡಿದ.

"ಅಮ್ಮಾರ, ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ."

ಬೆಳಿಗ್ಗೆ ನಾನು ಅಷ್ಟು ನಕ್ಕಿದ್ದೆ, ಸಂಜೆ ಇವನು ಬಂಗಾರ ಕೊಡುತ್ತಿದ್ದಾನೆ. ಸ್ವಲ್ಪ ಚುಚ್ಚಿತು. ಎಲೆಗಳನ್ನು ದೇವರ ಮುಂದಿಟ್ಟೆ. ಮಧ್ಯಾಹ್ನ ಉಂಡಿಲ್ಲವಲ್ಲ ಎಂದು ಒಂದು ಡಬ್ಬಿಯಲ್ಲಿ ಕೋಡುಬಳೆ, ಇನ್ನೊಂದರಲ್ಲಿ ಮೊಸರನ್ನ ತುಂಬಿಕೊಂಡು, ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ರೂಮಿನ ಬಾಗಿಲು ತೆರೆದಿತ್ತು. ಅವನು ನೀರು ತರಲು ಹೊರಗೆ ಹೋಗಿದ್ದ. ಮೇಜಿನ ಮೇಲೆ ಅದೇ ಡಬ್ಬ, ಪಕ್ಕದಲ್ಲಿ ಅವನ ಸಣ್ಣ ಪರದೆ, ಪರದೆಯಲ್ಲಿ ಅದೇ ಆಟ ತಾನೇ ಓಡುತ್ತಿತ್ತು. ಕಾರು ನೀರಿನ ಹಾಗೆ ಹೋಗುತ್ತಿತ್ತು. ಮೂಲೆಯಲ್ಲಿ ಎಪ್ಪತ್ತೊಂದು.

ಇಷ್ಟು ಹೊತ್ತಿನಲ್ಲಿ ರಿಪೇರಿ ಮಾಡಿಬಿಟ್ಟನೇ ಎಂದುಕೊಂಡೆ. ಮೇಜಿನ ಆ ಕಡೆ ಹೋಗಿ ಡಬ್ಬಿಗಳನ್ನು ಇಡುವಾಗ ಯಂತ್ರದ ಹಿಂಭಾಗ ಕಣ್ಣಿಗೆ ಬಿತ್ತು. ಮೇಲಿನ ಜಾಗದ ಸುತ್ತ ಕೆಂಪಗೆ ಕುಂಕುಮ ಮೆತ್ತಿತ್ತು. ಅದರಲ್ಲಿ ವೈರಿರಲಿಲ್ಲ. ವೈರು ಕೆಳಗಿನ ಜಾಗದಲ್ಲಿತ್ತು.

ಪೂಜೆಯ ದಿನ ಮೇಲಿನದಕ್ಕೆ ಸಿಕ್ಕಿಸಿದವಳು ನಾನೇ.

ಹನಮಂತ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾನು ನೋಡಿದ್ದನ್ನು ಅವನೂ ನೋಡಿದ. ಮೇಲಿನದು ಬೇರೆ ಕೆಳಗಿನದು ಬೇರೆಯೇನಪ್ಪ ಎಂದು ಕೇಳಿದೆ. ಅವನು ಮೊದಲು ಮಾತು ಹಾರಿಸಿದ, ನಾನು ಬಿಡಲಿಲ್ಲ. ಕೊನೆಗೆ ಹೇಳಿದ. ಮೇಲಿನದು ಹಳೆಯ ಆಫೀಸು ಯಂತ್ರದ್ದೇ ಜಾಗ, ಲೆಕ್ಕಪತ್ರ ನೋಡಲು ಸಾಕು, ಆಟಕ್ಕೆ ಸಾಲದು. ಕೆಳಗಿನದು ಅವನು ಕೂರಿಸಿದ ಗ್ರಾಫಿಕ್ಸ್ ಕಾರ್ಡಿನದು. ಟಿವಿಯ ವೈರು ಮೇಲೆ ಹೋಗಿದ್ದರಿಂದ ಕಾರ್ಡು ಕೆಲಸವಿಲ್ಲದೆ ಸುಮ್ಮನೆ ಕೂತಿತ್ತು. ಎಷ್ಟೋ ಯಂತ್ರಗಳಲ್ಲಿ ಹಾಗೆ ಸಿಕ್ಕಿಸಿದರೆ ಚಿತ್ರವೇ ಬರುವುದಿಲ್ಲವಂತೆ, ಬರದಿದ್ದರೆ ಆಗಲೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಇದರಲ್ಲಿ ಬಂತು, ನನ್ನ ಹಣೆಬರಹ. ರೂಮಿಗೆ ತಂದು ವೈರು ಸಿಕ್ಕಿಸುವಾಗ, ಮೇಲಿನ ಜಾಗದ ಕುಂಕುಮ ಕಂಡಾಗಲೇ ಅವನಿಗೆ ತಿಳಿದಿತ್ತು. ತಿಳಿದ ಮೇಲೂ ಕೆಳಗೆ ಬಂದು, ಒಂದು ಮಾತಾಡದೆ, ನನಗೆ ಬನ್ನಿ ಕೊಟ್ಟು ಕಾಲು ಮುಟ್ಟಿ ಹೋಗಿದ್ದ.

"ಯಾಕೋ ಹೇಳ್ಲಿಲ್ಲ?"

"ನೀವು ನನ್ನ ಮಿಷನ್‌ಗೆ ಪೂಜಾ ಮಾಡಿ ಕುಂಕುಮ ಹಚ್ಚೀರಿ. ಅದನ್ನ ತಪ್ಪು ಅಂತ ನಾ ಹ್ಯಾಂಗ ಹೇಳ್ಲಿ, ಅಮ್ಮಾರ?"

ಆಮೇಲೆ ಅವನೇ ನನಗೆ ಸಮಾಧಾನ ಹೇಳತೊಡಗಿದ. ಇದನ್ನು ಇಲ್ಲಿಗೇ ಬಿಡಿ, ಸರ್‌ಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾರೆ, ಇನ್ನೊಂದು ಆರ್ಡರ್ ಬರುತ್ತದೆ ಎಂದ. ಶಟರಿನವರಿಗೆ ಏನು ಹೇಳುತ್ತೀಯ ಎಂದು ಕೇಳಿದೆ. ಬೇಡವೆಂದು ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ ಎಂದ. ಭಾಗ್ಯಜ್ಯೋತಿಗೆ ಏನು ಹೇಳುತ್ತೀಯ ಎಂದು ಕೇಳಿದೆ. ಅವನು ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ.

ಮೆಟ್ಟಿಲು ಇಳಿಯುವಾಗ ನನಗೆ ಏನೆಲ್ಲ ಅನಿಸಿತು ಎಂದು ಮುಚ್ಚಿಡುವುದಿಲ್ಲ. ಮೊದಲು ಅನಿಸಿದ್ದು, ಸುಮ್ಮನಿದ್ದುಬಿಡಲೇ ಎಂದು. ಹುಡುಗನೇ ಬಿಡಿ ಎನ್ನುತ್ತಿದ್ದಾನೆ. ನಲವತ್ತೈದು ವರ್ಷದಿಂದ ಗಂಡನ ಒಂದೊಂದು ತಪ್ಪನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಡಿದು, ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡವಳು ನಾನು. ಈಗ ಇಷ್ಟು ದೊಡ್ಡದನ್ನು ನಾನಾಗಿಯೇ ಅವರ ಕೈಗೆ ಕೊಡಬೇಕು. ಎರಡನೆಯ ಸಂಕಟ ಇನ್ನೂ ದೊಡ್ಡದು. ಆ ಮನುಷ್ಯ ಮೂವತ್ತೊಂದು ವರ್ಷದಲ್ಲಿ ತಾವು ಸಹಿ ಹಾಕಿದ ಒಂದು ಕಾಗದವನ್ನೂ ವಾಪಸ್ ತೆಗೆದುಕೊಂಡವರಲ್ಲ. ಒಮ್ಮೆ ತಹಸೀಲ್ದಾರರ ಭಾವಮೈದನ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕದೆ, ವರ್ಗವಾಗಿ ಎರಡು ವರ್ಷ ಬೇರೆ ಊರಿನಲ್ಲಿ ಒಬ್ಬರೇ ಕೈಯಡುಗೆ ಮಾಡಿಕೊಂಡು ತಿಂದರು. ಅಂಥವರ ಕಾಗದವನ್ನು ನನ್ನ ಕುಂಕುಮದ ಬೆರಳು ಕೆಡಿಸಿತ್ತು. ಮೆಟ್ಟಿಲ ಮೇಲೆ ಎರಡು ನಿಮಿಷ ನಿಂತೆ. ಬ್ಯಾಗಿನ ಪಟ್ಟಿ ಸುತ್ತುತ್ತಿದ್ದ ಆ ಕೈ ನೆನಪಾಯಿತು, ಇಳಿದೆ.

ಅವರು ನಡುಮನೆಯಲ್ಲಿ ಕಾಫಿ ಕುಡಿಯುತ್ತ ತೀರ್ಪಿನ ಕಾಗದವನ್ನು ಫೈಲಿಗೆ ಹಾಕಿಡಲು ತೂತು ಹೊಡೆಯುತ್ತಿದ್ದರು.

"ರೀ, ಹನಮಂತನ ಕಂಪ್ಯೂಟರ್ ಸೋಲ್ಲಿಲ್ಲ. ಪೂಜೆ ದಿವಸ ಒರೆಸೋವಾಗ ಟಿವಿ ವೈರನ್ನ ನಾನು ಬೇರೆ ಕಡೆ ಸಿಕ್ಕಿಸಿಬಿಟ್ಟೆ."

ಎಲ್ಲವನ್ನೂ ಹೇಳಿದೆ. ಕುಂಕುಮ, ಎಪ್ಪತ್ತೊಂದು, ಶಟರು. ನಾನು ಮಾತು ಮುಗಿಸುವವರೆಗೂ ಅವರು ತಲೆಯೆತ್ತಲಿಲ್ಲ. ಈಗ ಬೈಯುತ್ತಾರೆ, ಇಲ್ಲವೇ ನಗುತ್ತಾರೆ, ನಕ್ಕರೆ ಇನ್ನು ಸಾಯುವವರೆಗೆ ನಗುತ್ತಲೇ ಇರುತ್ತಾರೆ ಎಂದು ಕಾದೆ. ಅವರು ಕಾಫಿ ಲೋಟ ಪಕ್ಕಕ್ಕಿಟ್ಟರು.

"ನಿಂದೇನಿದೆ ವಿಮಲಾ? ಅವನು ಹಿಂದೆ ನೋಡ್ತೀನಿ ಅಂದ. ನಾನು ಕೂತ್ಕೋ ಅಂದೆ. ಬೀನ್ಸ್ ತಕ್ಕಡೀಗೂ ಸೊನ್ನೆ ನೋಡೋನು, ಇವತ್ತು ನೋಡ್ಲಿಲ್ಲ."

ಕಾಗದವನ್ನು ಮುಂದೆಳೆದುಕೊಂಡರು. ಹರಿದು ಹಾಕುತ್ತಾರೆ ಎಂದುಕೊಂಡೆ. ಹರಿಯಲಿಲ್ಲ. ತೀರ್ಪಿನ ಮೇಲೆ ಕೆಂಪು ಶಾಯಿಯಲ್ಲಿ ಉದ್ದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಬರೆದರು: ಪರೀಕ್ಷಕನ ಲೋಪದಿಂದ ರದ್ದು. ಕೆಳಗೆ ಸಹಿ, ತಾರೀಖು. ನನ್ನ ಹೆಸರು ಅದರಲ್ಲೆಲ್ಲೂ ಇರಲಿಲ್ಲ. ನನಗೆ ಅಳುವೇ ಬಂತು, ಮೂಗು ಒರೆಸಿಕೊಳ್ಳುತ್ತ ಇಂಚರಳಿಗೆ ಫೋನ್ ಮಾಡಿದೆ.

ಅವಳೂ ವಸಿಷ್ಠನೂ ಫೋರ್ತ್ ಬ್ಲಾಕಿನಲ್ಲಿ ದೋಸೆ ತಿನ್ನುತ್ತಿದ್ದರು. ಅರ್ಧ ಗಂಟೆಯಲ್ಲಿ ಬಂದರು. ನಮ್ಮವರು ಬಾಗಿಲಲ್ಲೇ ಅವರಿಗೆ ಕಾಗದ ತೋರಿಸಿ, ಮತ್ತೆ ಪರೀಕ್ಷೆ ಮಾಡುತ್ತೇನೆ, ನಿನಗೆ ತೊಂದರೆ ಕೊಟ್ಟೆ ಎಂದು ವಸಿಷ್ಠನ ಮುಂದೆ ಕೈಮುಗಿದರು. ಆ ಹುಡುಗ ಗಾಬರಿಯಾಗಿ, ಅಯ್ಯೋ ಅಂಕಲ್, ಬಿಡಿ ಅಂಕಲ್ ಎಂದು ಕೈ ಹಿಡಿದುಕೊಂಡ. ಹನಮಂತನನ್ನು ಕರೆಯಲು ನಮ್ಮವರೇ ಮೇಲೆ ಹೋದರು. ಈ ಸಲ ಯಂತ್ರವನ್ನು ಸಿಕ್ಕಿಸಿದವನು ಹನಮಂತ. ನಮ್ಮವರು ಕನ್ನಡಕ ಹಾಕಿಕೊಂಡು, ಟಾರ್ಚ್ ಹಿಡಿದು, ನೆಲದ ಮೇಲೆ ಮೊಣಕಾಲೂರಿ ಹಿಂದಿನ ಒಂದೊಂದು ವೈರನ್ನೂ ನೋಡಿದರು. ಇದು ಯಾವುದು, ಅದು ಯಾವುದು ಎಂದು ಅವನನ್ನು ಕೇಳಿ ಬರೆದುಕೊಂಡರು.

ಲ್ಯಾಪ್‌ಟಾಪ್‌ಗಳನ್ನೂ ಹೊಸದಾಗಿಯೇ ಓಡಿಸಬೇಕೆಂದರು. ವಸಿಷ್ಠನದು ಅರವತ್ಮೂರು, ಐವತ್ತೇಳು, ಐವತ್ತು. ಇಂಚರಳದು ಮತ್ತೆ ಇಪ್ಪತ್ತೆರಡರಲ್ಲಿ ಶುರುವಾಗಿ ಇಪ್ಪತ್ತಕ್ಕೇ ನಿಂತಿತು. ಹನಮಂತನದು ಎಪ್ಪತ್ತೊಂದು. ಹತ್ತು ನಿಮಿಷದ ಮೇಲೆ ಎಪ್ಪತ್ತೊಂದು. ಮತ್ತೆ ಹತ್ತು ನಿಮಿಷದ ಮೇಲೆ ಎಪ್ಪತ್ತು. ಕಾರು ತಿರುವುಗಳಲ್ಲಿ ಹೋಗುವ ವೇಗಕ್ಕೆ ನಾನು ಸೋಫಾದ ಕೈ ಹಿಡಿದುಕೊಂಡಿದ್ದೆ. ಇನ್ನೊಂದು ಕೈಯಲ್ಲಿ ಬಾಯಿಗೆ ಸೆರಗು ಹಿಡಿದಿದ್ದೆ.

ವಸಿಷ್ಠ ಡಬ್ಬದ ಮೇಲೆ ಕೈಯಿಟ್ಟು ನೋಡಿದ. ತಣ್ಣಗಿದೆ, ಸಖತ್ ಗುರು ಎಂದ. ಆಮೇಲೆ ನಾಚಿಕೊಳ್ಳುತ್ತ, ನನ್ನ ಲ್ಯಾಪ್‌ಟಾಪ್ ಇಷ್ಟು ಕೂಗುತ್ತಲ್ಲ, ಬಿಚ್ಚಿ ಒಳಗೆ ಕ್ಲೀನ್ ಮಾಡಿಕೊಡ್ತೀರಾ ಎಂದು ಹನಮಂತನನ್ನೇ ಕೇಳಿದ. ಲ್ಯಾಪ್‌ಟಾಪು ಬಗಲಲ್ಲಿಟ್ಟುಕೊಂಡು ಓಡಾಡಲು ಸರಿ, ಒಂದೇ ರೂಮಿನಲ್ಲಿ ಕೂತು ಆಡುವುದಾದರೆ ಇದೇ ಸರಿ ಎಂದು ತಾನೇ ಒಪ್ಪಿದ. ಇಂಚರಾ ಕ್ಲಬ್ಬಿನವರಿಗೆ ಮಧ್ಯಾಹ್ನ ಬರೆದದ್ದನ್ನು ಅಳಿಸಿ ಹೊಸದಾಗಿ ಬರೆದಳು: ಐದು ಡೆಸ್ಕ್‌ಟಾಪ್, ಹನಮಂತ. ಕಳಿಸುವ ಮೊದಲು ಅವನಿಗೆ ತೋರಿಸಿದಳು. ಅವನು ಓದಿ, ಫೋನನ್ನು ವಾಪಸ್ ಕೊಡುವುದನ್ನೇ ಮರೆತು ನಿಂತ.

ನಮ್ಮವರು ಹೊಸ ಕಾಗದಕ್ಕೆ ಸಹಿ ಹಾಕಿ, ಇನ್ನೊಂದು ಪಟ್ಟಿ ಕತ್ತರಿಸಿ, ಯಂತ್ರದ ಹಿಂದೆ ವೈರು ಸೇರುವ ಜಾಗಕ್ಕೇ ಸೀಲ್ ಅಂಟಿಸಿದರು. ಬಗ್ಗಿ ಓದಿದೆ. ವಿಮಲಾ ಮುಟ್ಟಬಾರದು ಎಂದು ಬರೆದಿದ್ದರು. ಇಂಚರಾ ಬಿದ್ದು ಬಿದ್ದು ನಕ್ಕಳು. ನಲವತ್ತೈದು ವರ್ಷದ ಬಾಕಿ ಇವತ್ತಿನಿಂದ ತೀರಿಸಲು ಶುರು ಮಾಡಿದ್ದಾರೆ ಎಂದು ಗೊತ್ತಾಯಿತು. ಬಾಯಿ ತುಂಬ ಉತ್ತರವಿತ್ತು, ನುಂಗಿಕೊಂಡೆ.

ದೇವರ ಮನೆಗೆ ಹೋಗಿ ಬನ್ನಿಯ ಎಲೆಗಳಲ್ಲಿ ಒಂದನ್ನು ತಂದೆ. ಹನಮಂತನ ಎದುರು ನಿಂತು ಕೈ ಚಾಚಿದೆ. ಅವನು ಹಿಂದಕ್ಕೆ ಸರಿದ.

"ಬ್ಯಾಡ್ರಿ ಅಮ್ಮಾರ. ಸಣ್ಣಾವ್ರು ದೊಡ್ಡಾವ್ರಿಗೆ ಕೊಡಬೇಕು. ದೊಡ್ಡಾವ್ರು ಕೊಡಂಗಿಲ್ರಿ."

"ತಪ್ಪು ಮಾಡಿದೋಳು ನಾನು, ನಕ್ಕೋಳೂ ನಾನು. ಇವತ್ತು ನಾನೇ ಚಿಕ್ಕೋಳು ಕಣಪ್ಪ. ಹೊಟ್ಟೆಗೆ ಹಾಕ್ಕೊಂಡು ಇಸ್ಕೋ."

ಅವನ ಕಣ್ಣು ತುಂಬಿತು, ಆದರೂ ಕೈ ಚಾಚಲಿಲ್ಲ. ನಾನು ಎಲೆ ಹಿಡಿದುಕೊಂಡೇ ನಿಂತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಅಂಗಿಯ ಜೇಬು ತಡಕುವ ಸದ್ದು ಕೇಳಿಸಿತು. ಹಿತ್ತಾಳೆ ಬಟ್ಟು ಇಡುವ ಜೇಬಿನಿಂದ ನಮ್ಮವರು ತಮ್ಮ ಪಾಲಿನ ಬನ್ನಿ ಎಲೆಯನ್ನು ತೆಗೆದು, ನನ್ನ ಕೈಯ ಪಕ್ಕದಲ್ಲೇ ತಮ್ಮ ಕೈಯನ್ನೂ ಚಾಚಿದರು.

ಹನಮಂತ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಎರಡನ್ನೂ ತೆಗೆದುಕೊಂಡ.